ಮರುಬಡಿತ

ಹಿಮ ಸದ್ದಿಲ್ಲದೆ ಬೀಳುತ್ತದೆ ಎಂದು ಬರೆದವರೆಲ್ಲ ಕಿಟಕಿಯ ಒಳಗೆ ಕೂತು, ಕೈಯಲ್ಲಿ ಬಿಸಿ ಚಹಾ ಹಿಡಿದುಕೊಂಡು ಬರೆದವರು. ದೊರ್ಲಾ ಘಾಟಿಯ ಆಲಿಕೆ ಕೋಣೆಯಲ್ಲಿ ಒಂದೇ ಒಂದು ಚಳಿಗಾಲ ಕಳೆದಿದ್ದರೆ ಅವರ ಬಾಯಿ ತಾನಾಗಿ ಮುಚ್ಚುತ್ತಿತ್ತು. ಹಿಮ ಗೊಣಗುತ್ತದೆ, ನರಳುತ್ತದೆ, ಹಲ್ಲು ಕಡಿಯುತ್ತದೆ. ಅದನ್ನು ಕೇಳುತ್ತ ಕೂರುವುದೇ ಅಮರೇಶನ ನೌಕರಿ.

ಘಾಟಿಯ ಇಳಿಜಾರಿನ ಉದ್ದಗಲಕ್ಕೂ, ನೆಲದೊಳಗೆ ಗೇಣುದ್ದ ಕೆಳಗೆ, ಗಾಜಿನ ಸಣ್ಣ ಎಳೆಗಳನ್ನು ಹೂತಿದ್ದರು. ಒಂದು ತುದಿಯಿಂದ ಬೆಳಕು ಬಿಡುವುದು. ಮೇಲೆ ಏನಾದರೂ ಒತ್ತಿದರೆ ಎಳೆ ತುಸು ಜಗ್ಗುತ್ತದೆ, ಹಿಂದಿರುಗುವ ಬೆಳಕು ಅಷ್ಟೇ ತುಸು ಬದಲಾಗುತ್ತದೆ. ಯಂತ್ರ ಆ ಬದಲಾವಣೆಯನ್ನು ಸದ್ದಾಗಿ ತಿರುಗಿಸಿ ಕಿವಿಗೆ ಕೊಡುತ್ತದೆ. ನರಿಯೊಂದು ದಾಟಿದರೂ ಗೊತ್ತಾಗುತ್ತಿತ್ತು, ಅದು ಕುಂಟುತ್ತಿದ್ದರೆ ಅದೂ ಗೊತ್ತಾಗುತ್ತಿತ್ತು. ಯಂತ್ರಕ್ಕೆ ಕಡತದಲ್ಲಿ ಮಾರುದ್ದದ ಹೆಸರಿತ್ತು. ಅಮರೇಶ ಮತ್ತು ಅವನ ಹೆಂಡತಿ ಈರಮ್ಮ ಅದನ್ನು 'ಕಿವಿ' ಎಂದೇ ಕರೆಯುತ್ತಿದ್ದರು.

ದೊರ್ಲಾದ ಕಷ್ಟವೆಲ್ಲ ಶುರುವಾಗುವುದು ವರ್ಷದ ಮೊದಲ ಹಿಮದಿಂದ. ಕಾರ್ತಿಕದ ಹೊತ್ತಿಗೆ ಒಂದಿಷ್ಟು ಬಿದ್ದು ಸುಮ್ಮನಾಗುತ್ತದೆ. ಆಮೇಲೆ ವಾರಗಟ್ಟಲೆ ತಿಳಿ ಆಕಾಶ, ಮೂಳೆ ಕೊರೆಯುವ ಥಂಡಿ. ಕೆಳಗೆ ನೆಲದಲ್ಲಿ ಬೇಸಿಗೆಯ ಬಿಸುಪು ಇನ್ನೂ ಉಳಿದಿರುತ್ತದೆ. ನಡುವೆ ಸಿಕ್ಕಿಬಿದ್ದ ಆ ತೆಳು ಹಿಮದೊಳಗೆ ಆವಿ ಮೇಲೇರಿ, ಹರಳುಗಟ್ಟಿ, ಕೊನೆಗೆ ಇಡೀ ಪದರ ಸಕ್ಕರೆಯಂತಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಆ ಸಕ್ಕರೆಯ ಮೇಲೆ ಆಳೆತ್ತರದ ಹಿಮ ಬಂದು ಕೂರುತ್ತದೆ, ಎಂದೋ ಒಂದು ದಿನ ಎಲ್ಲ ಸೇರಿ ಜಾರುತ್ತದೆ. ಕೆಳಗೆ ರಸ್ತೆ ಇದೆ, ರಸ್ತೆಯಲ್ಲಿ ಬಸ್ಸುಗಳು ಓಡಾಡುತ್ತವೆ.

ಅದು ತಾನಾಗಿ ಜಾರುವ ಮೊದಲು ನಾವೇ ಜಾರಿಸಿಬಿಟ್ಟರೆ ಆಯಿತಲ್ಲ? ಅದಕ್ಕೆಂದೇ ಇಳಿಜಾರಿನ ನೆತ್ತಿಯಲ್ಲಿ, ಬೆಟ್ಟದ ಏಣಿನ ಮೇಲೆ ಉಕ್ಕಿನ ಕೊಳವೆಗಳನ್ನು ನಿಲ್ಲಿಸಿದ್ದರು. ರಸ್ತೆ ಮುಚ್ಚಿ, ಸೈರನ್ ಕೂಗಿಸಿ, ಬಟನ್ ಒತ್ತಿದರೆ ಕೊಳವೆಯಲ್ಲಿ ಅನಿಲ ಸಿಡಿದು ಹಿಮ ಅಲುಗಾಡಿ ಕೆಳಗಿಳಿಯುತ್ತಿತ್ತು. ಬಟನ್ ಒತ್ತುವವರು ಹಿಮ ಕಾವಲು ಠಾಣೆಯ ಮುಖ್ಯಸ್ಥರಾದ ನೊರ್ಬು ಸಾಹೇಬರು, ಅದೇ ಕಣಿವೆಯವರು. ಆದರೆ ಅದಕ್ಕೆ ಮೊದಲು ಅಮರೇಶನ ಬಾಯಿಂದ ಒಂದು ಮಾತು ಬರಬೇಕು: 'ಖಾಲಿ'. ಇಳಿಜಾರಿನ ಮೇಲೆ ಮನುಷ್ಯರ ಸದ್ದಿಲ್ಲ ಎಂದು ಅದರರ್ಥ. ಅವನು ಅದನ್ನು ಹೇಳದೆ ಅಲ್ಲಿ ಯಾರೂ ಏನನ್ನೂ ಸಿಡಿಸುವಂತಿರಲಿಲ್ಲ.

ಇಳಿಜಾರಿನ ಮೇಲೆ ಎಲ್ಲರಿಗಿಂತ ಹೆಚ್ಚು ಓಡಾಡುತ್ತಿದ್ದವಳು ಈರಮ್ಮನೇ. ಅವಳು ಹಿಮ ಪರೀಕ್ಷಕಿ. ಏಣಿನ ಮೇಲಿನ ತಗಡಿನ ಶೆಡ್ಡಿನವರೆಗೆ ಹತ್ತಿ, ಹಿಮದಲ್ಲಿ ಕುಣಿ ತೋಡಿ, ಪದರ ಪದರವಾಗಿ ಅದರ ಗುಣ ನೋಡಿ ಬರುವುದು ಅವಳ ಕೆಲಸ. ಗಂಡ ಹೆಂಡತಿ ಇಬ್ಬರೂ ಹಟ್ಟಿಯವರು, ರಾಯಚೂರು ಸೀಮೆಯ ಚಿನ್ನದ ಗಣಿಯ ಊರಿನವರು. ಅವಳು ಅವನ ಸೋದರಮಾವ ಹನುಮಂತಪ್ಪನ ಮಗಳು. ಚಿಕ್ಕಂದಿನಲ್ಲಿ ಒಂದೇ ನಲ್ಲಿಯ ಮುಂದೆ ಕೊಡಕ್ಕಾಗಿ ಜಡೆ ಹಿಡಿದು ಜಗಳಾಡಿದವರು. ಸಾಹೇಬರ ಮುಂದೆ ಅವಳು 'ರೀ' ಎನ್ನುತ್ತಿದ್ದಳು, ಮನೆಯ ಬಾಗಿಲು ಹಾಕಿದ ಮೇಲೆ 'ಏನಲೇ' ಎನ್ನುತ್ತಿದ್ದಳು.

ಹನುಮಂತಪ್ಪ ಗಣಿಯ ಕತ್ತಲಲ್ಲೇ ಕೂದಲು ನೆರೆಸಿಕೊಂಡ ಮನುಷ್ಯ. ಅವನ ಗ್ಯಾಂಗಿನವರಲ್ಲಿ ಒಂದು ಪದ್ಧತಿ ಇತ್ತು. ದೀಪ ಆರಿ, ಮಾತು ಕೇಳದ ಜಾಗದಲ್ಲಿ ಸಿಕ್ಕಿಕೊಂಡರೆ ಬಂಡೆಯನ್ನು ಮೂರು ಸಲ ಬಡಿಯುವುದು: ನಾನಿಲ್ಲಿದ್ದೇನೆ. ಆಚೆಯವನು ಎರಡು ಸಲ ಬಡಿದರೆ: ಕೇಳಿಸಿತು. ಅದು ಮರುಬಡಿತ. ಐದು ಬಡಿತವೂ ಒಂದಿತ್ತು, ಅದು ಅಪರೂಪದ್ದು: ತಡೆಯಿರಿ, ಮದ್ದು ಸುಡಬೇಡಿ. ಎಲ್ಲಕ್ಕಿಂತ ದೊಡ್ಡ ನಿಯಮ ಏನೆಂದರೆ, ಬಡಿದವನು ಮರುಬಡಿತ ಬರುವ ತನಕ ಜಾಗ ಬಿಟ್ಟು ಕದಲಬಾರದು. ಕದಲಿದರೆ ಹುಡುಕುವವರು ಒಂದು ಕಡೆ, ನೀನು ಒಂದು ಕಡೆ. ಹನುಮಂತಪ್ಪ ಪಾಳಿ ಮುಗಿಸಿ ಮನೆಗೆ ಬಂದಾಗಲೂ ಕದವನ್ನು ಮೂರು ಸಲ ಬಡಿಯುತ್ತಿದ್ದ. ಒಳಗಿನಿಂದ ಪುಟ್ಟ ಈರಮ್ಮ ಎರಡು ಬಡಿದ ಮೇಲೆಯೇ ಒಳಗೆ ಬರುತ್ತಿದ್ದ. ಅವಳು ಆಟದಲ್ಲಿ ಮರೆತುಬಿಟ್ಟರೆ ಬಿಸಿಲಲ್ಲಿ ಹಾಗೇ ನಿಂತಿರುತ್ತಿದ್ದ.

ಅದೇ ಪದ್ಧತಿಯನ್ನು ಗಂಡ ಹೆಂಡತಿ ಹಿಮದ ಮೇಲೂ ತಂದರು. ಇಳಿಜಾರಿನ ಅಂಚಿನಲ್ಲಿ, ಶೆಡ್ಡಿನ ಹತ್ತಿರ, ಒಂದು ಕೆಂಪು ಕಂಬ ನೆಟ್ಟಿತ್ತು. ಹಿಮ ಎಷ್ಟೇ ಜಾರಿದರೂ ಆ ಕಂಬದ ಬುಡಕ್ಕೆ ಎಂದೂ ಬಂದದ್ದಿಲ್ಲ. ಈರಮ್ಮ ಅಲ್ಲಿ ನಿಂತು ಸಲಿಕೆಯ ಬೆನ್ನಿನಿಂದ ಹಿಮವನ್ನು ಮೂರು ಸಲ ಬಡಿಯುತ್ತಿದ್ದಳು. ಒಣ ಹಿಮ ಸದ್ದನ್ನು ನೆಟ್ಟಗೆ ಎಳೆಗೆ ಮುಟ್ಟಿಸುತ್ತಿತ್ತು. ಅಮರೇಶ ಇಲ್ಲಿಂದ ಸ್ವಿಚ್ಚು ಒತ್ತಿದರೆ ಅಲ್ಲಿಂದ ಮೇಲೆ, ಏಣಿನ ಮೇಲಿನ ಬೇರೊಂದು ಕಂಬದ ದೀಪ ಎರಡು ಸಲ ಮಿನುಗುತ್ತಿತ್ತು. ಆಮೇಲೆಯೇ ಅವಳು ಇಳಿಯಲು ಹೆಜ್ಜೆ ಹಾಕುವುದು. ರೇಡಿಯೋ ಇದ್ದೂ ಇದೇನು ಹುಡುಗಾಟ ಎಂದು ನೊರ್ಬು ಸಾಹೇಬರು ಮೊದಮೊದಲು ನಕ್ಕಿದ್ದರು. ಒಂದು ಸಲ ರೇಡಿಯೋ ಕೈಕೊಟ್ಟಾಗ ಇದೇ ಕೆಲಸಕ್ಕೆ ಬಂತು. ಆಮೇಲೆ ಠಾಣೆಯವರೆಲ್ಲ ಹಾಗೇ ಬಡಿಯತೊಡಗಿದರು.

ಎಲ್ಲ ಚೆನ್ನಾಗಿಯೇ ಇತ್ತು, ಮಳೆ ಬರುವ ತನಕ. ಚಳಿಗಾಲದ ಬಾಯಲ್ಲಿ ದೊರ್ಲಾದಂಥ ಎತ್ತರದಲ್ಲಿ ಮಳೆ ಬರುತ್ತದೆಂದರೆ ನೊರ್ಬು ಸಾಹೇಬರ ಅಜ್ಜ ನಂಬುತ್ತಿರಲಿಲ್ಲ. ಈಚೆಗೆ ಪ್ರತಿ ವರ್ಷ ಬರುತ್ತಿತ್ತು. ಹಿಮದ ಮೇಲೆ ಹನಿ ಬಿದ್ದರೆ ಕಿವಿಗೆ ಅದು ನೂರು ಮಂದಿ ನಡೆದಂತೆ ಕೇಳುತ್ತಿತ್ತು. ಇಳಿಜಾರಿನ ಮೇಲೆ ಯಾರೋ ಇದ್ದಾರೆ ಎಂದು ಪರದೆಯ ತುಂಬ ಕೆಂಪು ಚುಕ್ಕೆ. ಯಾರೂ ಇರುತ್ತಿರಲಿಲ್ಲ. ಖಾಲಿ ಎನ್ನಲು ಆಗದೆ ಕೆಲಸ ನಿಲ್ಲುತ್ತಿತ್ತು, ರಸ್ತೆ ದಿನಗಟ್ಟಲೆ ಮುಚ್ಚಿರುತ್ತಿತ್ತು. ಹೋದ ವರ್ಷ ಆಸ್ಪತ್ರೆಗೆ ಹೊರಟಿದ್ದ ಬಸುರಿಯೊಬ್ಬಳು ಘಾಟಿ ರಸ್ತೆಯ ಸುರಂಗದ ಬಾಯಲ್ಲೇ ಹೆತ್ತಳು, ಮಗು ಉಳಿಯಲಿಲ್ಲ. ಅದರ ಅಪ್ಪ ಠಾಣೆಗೆ ಬಂದು ಏನೂ ಬೈಯದೆ ಬಾಗಿಲಲ್ಲಿ ನಿಂತು ಹೋದ. ಅವನು ಬೈದಿದ್ದರೇ ಚೆನ್ನಾಗಿತ್ತು ಎಂದು ಅಮರೇಶನಿಗೆ ಅನ್ನಿಸಿತ್ತು.

ಅಂದಿನಿಂದ ಅವನು ಕಿವಿಗೆ ಪಾಠ ಹೇಳತೊಡಗಿದ. ಹಳೆಯ ಸದ್ದುಗಳನ್ನೆಲ್ಲ ತೆಗೆದು, ಒಂದೊಂದನ್ನೇ ಕೇಳಿ, ಇದು ಮಳೆ ಬಿಡು, ಇದು ಹೆಜ್ಜೆ ಹಿಡಿ ಎಂದು ಗುರುತು ಹಾಕಿದ. ಬೇಸಿಗೆಯೆಲ್ಲ ಅದೇ ಕೆಲಸ. ಯಂತ್ರ ಒಳ್ಳೆಯ ವಿದ್ಯಾರ್ಥಿ, ಹೇಳಿದ್ದನ್ನು ಮರೆಯಲಿಲ್ಲ.

ಆ ಚಳಿಗಾಲದ ಆರಂಭದಲ್ಲಿ ಹಟ್ಟಿಯಿಂದ ಜೋಳದ ಹಿಟ್ಟಿನ ಗಂಟು ಬಂತು. ಈರಮ್ಮ ಒಲೆಯ ಮೇಲೆ ಎಸರಿಟ್ಟು, ಅದನ್ನೇ ದುರುಗುಟ್ಟಿ ನೋಡುತ್ತ ಕೂತಿದ್ದಳು.

"ನೋಡಲ್ಲಿ, ಹ್ಯಾಂಗ ಕುಣಿಯಾಕತ್ತೈತಿ. ಕುದಿಯೋದು ಬರೀ ತೋರಿಕಿಗೆ, ಕಾವ ಇಲ್ಲ ಇದಕ್ಕ. ಹಿಟ್ಟಿಗೆ ಜಿಗಿ ಎಲ್ಲಿಂದ ಬರಬೇಕು?"

ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಬಿಸಿ ಮಾತ್ರ ಕಡಿಮೆ ಇರುತ್ತದೆ. ಅಮರೇಶನಿಗೂ ಗೊತ್ತಿದ್ದ ಮಾತೇ. ರೊಟ್ಟಿ ತಟ್ಟುತ್ತಿದ್ದಂತೆ ಅಂಚು ಬಿರಿಯಿತು, ಎತ್ತುವಾಗ ನಡುವೆ ಹರಿಯಿತು.

"ಮುರದ್ರೂ ರೊಟ್ಟೀನ ಅಲ್ಲೇನು, ಹಾಕು ಇತ್ತ," ಎಂದ ಅವನು.

"ನಿನಗ ಹೊಟ್ಟಿ ತುಂಬಿದ್ರ ಸಾಕು. ಅಪ್ಪ ನೋಡಿದ್ರ ನನ್ನ ಮರ್ಯಾದಿ ಹೋಗ್ತೈತಿ." ಅವಳು ತುಂಡುಗಳನ್ನು ತಾಟಿಗೆ ಹಾಕಿ ಎಣ್ಣೆ, ಶೇಂಗಾ ಪುಡಿ ಇಟ್ಟಳು. "ಪಾಠ ಮುಗೀತೇನು ನಿನ್ನ ಶಿಷ್ಯಂದು?"

"ಮುಗೀತು. ಇನ್ನ ಮಳಿ ಬಂದ್ರ ಪಿಟಕ್ ಅನ್ನಂಗಿಲ್ಲ."

"ಕಿವಿಗೆ ಕಿವುಡ ಕಲಿಸೀದಿ ಅನ್ನು."

"ಎಲ್ಲಾ ಕೇಳೋ ಕಿವಿ ಇಟಗೊಂಡು ಏನ ಮಾಡೋದು, ಈರಿ? ಯಾವುದು ಕೇಳಬಾರದು ಅನ್ನೋದೂ ಗೊತ್ತಿರಬೇಕು. ನಾಳೆ ಒಂದು ಸಲ ಬಡದು ನೋಡು, ಪರೀಕ್ಷಾ ಮಾಡೂಣು."

ಮರುದಿನ ಅವಳು ಕೆಂಪು ಕಂಬದ ಹತ್ತಿರ ಬಡಿದಳು. ಟಕ್ ಟಕ್ ಟಕ್ ಎಂದು ಮೂರೂ ಬಂದವು, ಅವನು ದೀಪ ಮಿನುಗಿಸಿದ. ಯಂತ್ರ ಪಾಸಾಯಿತು. ಅಂದು ಆಕಾಶ ತಿಳಿಯಾಗಿತ್ತು, ಹಿಮ ಒಣಗಿ ಗರಿಗರಿಯಾಗಿತ್ತು. ಒದ್ದೆ ಹಿಮದಲ್ಲಿ ಬಡಿದರೆ ಹೇಗೆ ಕೇಳುತ್ತದೆ ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕೆಲವು ದಿನ ಕಳೆದ ಮೇಲೆ ದೊಡ್ಡ ಹಿಮ ಬಿತ್ತು. ಅದು ನಿಂತ ಬೆಳಿಗ್ಗೆಯೇ ಈರಮ್ಮ ಮೇಲೆ ಹತ್ತಿದಳು. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಬೆಚ್ಚಗಾಯಿತು, ಮಳೆ ಹಿಡಿಯಿತು. ರೇಡಿಯೋದಲ್ಲಿ ಅವಳ ದನಿ ಕರಕರ ಎನ್ನುತ್ತಾ ಬಂತು.

"ಕುಣಿ ತೋಡಾಕತ್ತೀನಿ. ನೀರು ಕೆಳಗ ಸಕ್ಕರಿತನಾ ಇಳದ್ರ ಕೆಟ್ಟದ್ದು, ನೋಡಿ ಹೇಳ್ತೀನಿ. ಇವತ್ತ ಇಳಿಯಂಗಿಲ್ಲ, ಶೆಡ್ಡಿನ್ಯಾಗ ಇರ್ತೀನಿ. ನೀ ಹಿಟ್ಟ ನಾದಾಕ ಹೋಗಬ್ಯಾಡ, ಹಾಳ ಮಾಡ್ತೀದಿ."

ಇದು ಅವಳ ಕೊನೆಯ ಮಾತು ಎಂದು ಗೊತ್ತಿದ್ದರೆ ಅಮರೇಶ ಇನ್ನೇನಾದರೂ ಹೇಳುತ್ತಿದ್ದ. ಗೊತ್ತಿರಲಿಲ್ಲವಾದ್ದರಿಂದ, ಆಯ್ತು ಬಿಡು ಎಂದ. ಸ್ವಲ್ಪ ಹೊತ್ತಿನಲ್ಲೇ ಮಳೆಹನಿ ತಾಗಿದಲ್ಲೇ ಗಡ್ಡೆಗಟ್ಟತೊಡಗಿ, ಭಾರಕ್ಕೆ ರೇಡಿಯೋದ ಆಂಟೆನಾ ಮುರಿದುಬಿತ್ತು. ಮೇಲಿನ ಶೆಡ್ಡಿನ ಜೊತೆ ಮಾತು ಕಡಿಯಿತು.

ಅಷ್ಟರಲ್ಲಿ ಸುರಂಗದ ಬಾಯಲ್ಲಿ ಮದುವೆ ದಿಬ್ಬಣದ ಎರಡು ಬಸ್ಸು ಬಂದು ನಿಂತಿದ್ದವು. ಹಿಂದೆ ಹೋಗಲು ದಾರಿ ಇಲ್ಲ, ಅಲ್ಲಿ ಮಣ್ಣು ಕುಸಿದಿತ್ತು. ಮುಂದೆ ಬರಬೇಕೆಂದರೆ ಇದೇ ಇಳಿಜಾರಿನ ಕೆಳಗೆ ಹಾಯಬೇಕು. ನೊರ್ಬು ಸಾಹೇಬರು ಆಲಿಕೆ ಕೋಣೆಗೆ ಬಂದರು. ಅವರು ಮಾತಾಡುತ್ತಿದ್ದುದು ಹಿಂದಿಯಲ್ಲಿ, ನಿಧಾನವಾಗಿ.

"ಮಳೆಯ ಭಾರಕ್ಕೆ ಇದು ತಾನಾಗಿ ಬೀಳುತ್ತದೆ, ಅಮರೇಶ್. ಯಾವಾಗ ಅಂತ ಹೇಳಕ್ಕಾಗಲ್ಲ. ಬಸ್ಸಿನಲ್ಲಿ ಮಕ್ಕಳಿದ್ದಾರೆ. ಈಗಲೇ ಬೀಳಿಸಿಬಿಡೋಣ. ನಿನ್ನ ಹೆಂಡತಿ ಎಲ್ಲಿದ್ದಾಳೆ?"

"ಶೆಡ್ಡಿನಲ್ಲಿ, ಸರ್. ಇಳಿಯಲ್ಲ ಅಂದಿದ್ದಾಳೆ."

"ಶೆಡ್ಡು ಬಂಡೆಯ ಮೇಲಿದೆ, ಭಯವಿಲ್ಲ. ಸರಿಯಾಗಿ ಕೇಳು. ಹೊತ್ತು ತಗೋ."

ಸೈರನ್ ಕೂಗಿತು. ಅಮರೇಶ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ. ಹೊರಗೆ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು, ಕಿವಿಯಲ್ಲಿ ಮಾತ್ರ ಒಂದು ಹನಿಯ ಸದ್ದೂ ಇರಲಿಲ್ಲ. ಸ್ವಚ್ಛವಾದ ಮೌನ. ಎಷ್ಟು ಚೆನ್ನಾಗಿ ಕಲಿತಿದೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು. ಸೈರನ್ ನಿಲ್ಲುವ ತನಕ ಕೇಳಿದ, ನಿಂತ ಮೇಲೂ ಕೇಳಿದ. ಪರದೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

"ಖಾಲಿ," ಎಂದ.

ನೊರ್ಬು ಸಾಹೇಬರು ಬಟನ್ ಒತ್ತಿದರು. ಏಣಿನ ಮೇಲೆ ದೊಪ್ಪೆಂದಿತು. ಆಮೇಲೆ ಬಂದ ಸದ್ದನ್ನು ಅಮರೇಶ ಎಂದೂ ಕೇಳಿರಲಿಲ್ಲ. ಪ್ರತಿ ವರ್ಷ ನಡುವಿನ ಹೊಟ್ಟೆಯಷ್ಟೇ ಜಾರುತ್ತಿತ್ತು. ಈ ಸಲ ನೀರು ಕುಡಿದ ಸಕ್ಕರೆ ಪದರ ಅಂಚಿನಿಂದ ಅಂಚಿಗೆ ಒಟ್ಟಿಗೇ ಕುಸಿಯಿತು. ಪರದೆಯಲ್ಲಿ ಕೆಳಗಿನ ಎಳೆಗಳು ಒಂದೊಂದಾಗಿ ಹರಿದು ಕಪ್ಪಾದವು, ಬಲಕ್ಕೆ ಹೋಗುತ್ತ ಹೋಗುತ್ತ ಕೆಂಪು ಕಂಬದ ಜಾಗವೂ ಕಪ್ಪಾಯಿತು. ಅವಳು ಶೆಡ್ಡಿನಲ್ಲೇ ಉಳಿದದ್ದು ಒಳ್ಳೆಯದಾಯಿತು ಎಂದುಕೊಂಡ ಅಮರೇಶ. ಬುಲ್ಡೋಜರು ದಾರಿ ಬಿಡಿಸಿತು, ಬಸ್ಸುಗಳು ಹಾದುಹೋದವು. ಕಿಟಕಿಯಿಂದ ಯಾರೋ ಹುಡುಗಿ ಕೈ ಬೀಸಿದಳು, ಅವನೂ ಬೀಸಿದ. ಸಂಜೆ ಮನೆಗೆ ಹೋಗಿ ಅವಳು ಬೇಡವೆಂದರೂ ಹಿಟ್ಟು ನಾದಿದ, ಹಾಳೇ ಆಯಿತು. ಅದನ್ನೇ ಹೇಳಿ ನಾಳೆ ಬೈಸಿಕೊಳ್ಳಬೇಕು ಎಂದುಕೊಂಡ.

ಬೆಳಿಗ್ಗೆ ರೇಡಿಯೋ ಸರಿಹೋಯಿತು. ಶೆಡ್ಡಿನಿಂದ ಉತ್ತರ ಬರಲಿಲ್ಲ. ಮೇಲೆ ಹತ್ತಿದವರಿಗೆ ತಳದವರೆಗೆ ತೋಡಿದ ಕುಣಿ ಸಿಕ್ಕಿತು, ಶೆಡ್ಡಿನೊಳಗೆ ಆರಿದ ಸ್ಟೋವು, ಹಾಸಿಗೆ, ಚೀಲ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಸಲಿಕೆ ಇರಲಿಲ್ಲ. ಸಲಿಕೆ ಹಿಡಿದು ಅವಳು ಹೋಗುವುದು ಕೆಂಪು ಕಂಬಕ್ಕೇ ಎಂದು ಅಮರೇಶನಿಗೆ ಗೊತ್ತಿತ್ತು. ಬೇರೆ ಏನೂ ಹೇಳಬೇಕಾಗಿರಲಿಲ್ಲ.

ಕೆಳಗೆ ಬಂದು ಬಿದ್ದ ಒದ್ದೆ ಹಿಮ ಒಂದೇ ರಾತ್ರಿಯಲ್ಲಿ ಗಾರೆಯಂತೆ ಗಟ್ಟಿಯಾಗಿತ್ತು. ಹಾರೆ ಹಾಕಿ ಅಗೆದರು, ನಾಯಿ ತಂದು ಹುಡುಕಿದರು. ಸಿಗಲಿಲ್ಲ. ಇನ್ನು ಬೇಸಿಗೆಗೇ ಎಂದು ನೊರ್ಬು ಸಾಹೇಬರು ತಲೆ ತಗ್ಗಿಸಿ ಹೇಳಿದರು. ಯಂತ್ರ ಬೇಡವೆಂದು ಬಿಟ್ಟ ಸದ್ದೂ ಒಂದು ತಿಂಗಳು ಒಳಗೆ ಇರುತ್ತದಲ್ಲ, ತೆಗೆದು ಕೇಳೋಣವೇ ಎಂದೂ ಅವರೇ ಕೇಳಿದರು. ಅಮರೇಶ ಬೇಡವೆಂದು ತಲೆಯಾಡಿಸಿದ. ಅಲ್ಲಿ ಏನಿದೆ ಎಂದು ಕೇಳದೆ ಇರುವಷ್ಟು ದಿನ ಬದುಕಬಹುದು ಎಂದು ಅವನಿಗೆ ಅನ್ನಿಸಿರಬೇಕು.

ಹನುಮಂತಪ್ಪ ಬಂದದ್ದು ಅದಾದ ಮೇಲಿನ ವಾರ. ಹಟ್ಟಿಯ ಬಿಸಿಲು ಬಿಟ್ಟು ಎಲ್ಲಿಗೂ ಹೋಗದ ಮುದುಕ, ಯಾರದೋ ದೊಡ್ಡ ಕೋಟು ತೊಟ್ಟುಕೊಂಡು, ಏದುಸಿರು ಬಿಡುತ್ತ ಜೀಪಿನಿಂದ ಇಳಿದ. ಅಳಲಿಲ್ಲ. ಆಲಿಕೆ ಕೋಣೆಯ ಸ್ಟೂಲಿನ ಮೇಲೆ ಕೂತು, ಕೊಟ್ಟ ಚಹಾ ಆರಲು ಬಿಟ್ಟು, ಒಂದೇ ಮಾತು ಕೇಳಿದ.

"ಬಡದಿದ್ಲೇನು?"

"ನನಗ ಕೇಳಿಸಲಿಲ್ಲ, ಮಾವ."

"ನಿನಗ ಕೇಳಿಸ್ತೇನು ಅಂತ ಕೇಳಲಿಲ್ಲಪಾ ನಾ. ಬಡದಿದ್ಲೇನು?"

ಅಮರೇಶ ಯಂತ್ರದ ಕಡೆ ತಿರುಗಿದ. ಬಿಟ್ಟ ಸದ್ದುಗಳನ್ನು ತೆರೆದು, ಆ ದಿನದ್ದನ್ನು ಹುಡುಕಿ, ಸ್ಪೀಕರಿಗೆ ಹಾಕಿದ. ಮಳೆ, ಬರೀ ಮಳೆ. ದೂರದಲ್ಲಿ ಸೈರನ್ನಿನ ಗುಂಯ್ ಎನ್ನುವ ಕಂಪನ. ಅದರ ನಡುವೆ ಅವಸರದ ಹೆಜ್ಜೆಗಳು ಮಸಕಾಗಿ ಬಂದು ನಿಂತವು. ಆಮೇಲೆ ಒದ್ದೆ ಅರಿವೆ ಒಗೆದಂಥ ಮೆತ್ತನೆಯ ಸದ್ದು, ದಬ್, ದಬ್, ದಬ್. ಮೂರು. ಒಂದಿಷ್ಟು ಬಿಡುವು. ಮತ್ತೆ ದಬ್ ದಬ್ ದಬ್ ದಬ್ ದಬ್.

ಮುದುಕನ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಸರಿಯುತ್ತಿತ್ತು.

"ಐದು," ಎಂದ. "ಮದ್ದು ಸುಡಬ್ಯಾಡ ಅಂತಾಳ."

ನೀರು ಸಕ್ಕರೆಗೆ ಇಳಿದದ್ದನ್ನು ಕುಣಿಯಲ್ಲಿ ಕಂಡಿದ್ದಳು. ಸೈರನ್ ಕೇಳಿ, ಸಿಡಿಸಿದರೆ ಇಡೀ ಬೆಟ್ಟ ಬರುತ್ತದೆಂದು ತಿಳಿದು, ಬಂಡೆಯ ಮೇಲಿನ ಶೆಡ್ಡು ಬಿಟ್ಟು ಓಡಿಬಂದಿದ್ದಳು. ಮತ್ತೆ ಐದು. ಬಿಡುವು. ಮತ್ತೆ ಐದು. ಪ್ರತಿ ಬಿಡುವಿನಲ್ಲೂ ಅವಳು ತಲೆಯೆತ್ತಿ ದೀಪ ನೋಡಿರಬೇಕು. ಆ ಬಿಡುವುಗಳಲ್ಲಿ ಹೆಜ್ಜೆಯ ಸದ್ದು ಇರಲಿಲ್ಲ. ಅವಳು ಕದಲಿರಲಿಲ್ಲ.

"ಶೆಡ್ಡು ಅಲ್ಲೇ ಇತ್ತು, ಮಾವ. ನಾಕ್ ಹೆಜ್ಜಿ," ಎಂದ ಅಮರೇಶ. "ಬಡದು ವಾಪಸ್ ಓಡಬಹುದಿತ್ತು. ಕಂಬನೂ ಉಳಿಯಂಗಿಲ್ಲ ಅನ್ನೋದು ಆಕಿಗೆ ಗೊತ್ತಿತ್ತು. ಯಾಕ ನಿಂತ್ಲು?"

"ಮರುಬಡಿತ ಬಂದಿರಲಿಲ್ಲಲ್ಲ." ಹನುಮಂತಪ್ಪ ಸ್ಪೀಕರನ್ನೇ ನೋಡುತ್ತಿದ್ದ. "ಜಾಗ ಬಿಡಬ್ಯಾಡ ಅಂತ ಕಲಿಸಿದಾವ ನಾನ. ಇಷ್ಟುದ್ದ ಇದ್ಲು. ಒಂದ್ ಸಲ ಜಾಗ ಬಿಟ್ಟಿದ್ಲು ಅಂತ ಹೊಡದೂ ಹೊಡದೀನಿ."

ಮುಂದೆ ಬರುವ ಸದ್ದು ಯಾವುದೆಂದು ಅಮರೇಶನಿಗೆ ಗೊತ್ತಿತ್ತು. ಅದು ಬರುವ ಮೊದಲೇ ನಿಲ್ಲಿಸಿದ. ಅವನಿಗೆ ಮಾವನ ಕಾಲು ಹಿಡಿಯಬೇಕೆನಿಸಿತು, ಮಾವ ತನ್ನ ಕೆನ್ನೆಗೆ ಬಾರಿಸಬೇಕೆನಿಸಿತು. ಎರಡೂ ಆಗಲಿಲ್ಲ.

"ಆಕಿ ಹೇಳ್ತಿದ್ಲಲ್ಲ, ಆ ದೀಪ ಇನ್ನ ಐತೇನು?" ಕೊನೆಗೆ ಮುದುಕ ಕೇಳಿದ.

"ಐತಿ. ಏಣಿನ ಮ್ಯಾಲ ಐತಿ, ಅದಕ್ಕೇನೂ ಆಗಿಲ್ಲ."

"ಕೊಡು ಹಂಗಾರ. ಉತ್ತರ ಕೊಡದ ಬಿಡಬಾರದು."

ಅಮರೇಶ ಸ್ವಿಚ್ಚು ಒತ್ತಿದ. ಸಂಜೆಯ ಬೂದು ಮೋಡದಲ್ಲಿ, ಯಾರೂ ಇಲ್ಲದ ಬೆಟ್ಟದ ನೆತ್ತಿಯಲ್ಲಿ ದೀಪ ಎರಡು ಸಲ ಮಿನುಗಿತು. ಹನುಮಂತಪ್ಪ ಕಿಟಕಿಯ ಗಾಜನ್ನು ಕೋಟಿನ ತೋಳಿನಿಂದ ಒರೆಸಿ ನೋಡಿದ. ಆಗ ಅವನಿಗೆ ಅಳು ಬಂತು.

ಹೊರಗೆ ಮತ್ತೆ ಹನಿಯತೊಡಗಿತ್ತು. ಅಮರೇಶ ಯಂತ್ರದ ಮುಂದೆ ಕೂತು, ಬೇಸಿಗೆಯೆಲ್ಲ ತಾನು ಕಲಿಸಿದ್ದ ಪಾಠವನ್ನು ಅಳಿಸಿಹಾಕಿದ. ಇಳಿಜಾರಿನ ಮೇಲ್ಭಾಗದಲ್ಲಿ ಉಳಿದಿದ್ದ ಎಳೆಗಳಿಗೆ ಕಿವಿ ಬಂತು. ಪರದೆಯ ಮೇಲೆ ಒಂದು ಕೆಂಪು ಚುಕ್ಕೆ ಮೂಡಿತು, ಅದರ ಪಕ್ಕ ಇನ್ನೊಂದು, ಮತ್ತೆ ಹತ್ತು, ನೂರು. ಯಂತ್ರದ ಎಚ್ಚರಿಕೆಯ ಗಂಟೆ ಬಡಿಯತೊಡಗಿತು. ಹನುಮಂತಪ್ಪ ಕಣ್ಣೊರೆಸಿಕೊಂಡು ಇತ್ತ ತಿರುಗಿದ.

"ಏನಂತೈತಿ ಅದು?"

"ಯಾರೋ ಅದಾರ ಅಂತೈತಿ, ಮಾವ," ಎಂದ ಅಮರೇಶ. "ಬೆಟ್ಟದ ಮ್ಯಾಲ ಯಾರೋ ಅದಾರ ಅಂತೈತಿ."

ಅವನು ಗಂಟೆಯನ್ನು ನಿಲ್ಲಿಸಲಿಲ್ಲ. ಮುದುಕ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ಕೂತ.